ಕುಷನ್ ರಂಗಯ್ಯ ಹೊಲಿದ ಪೋಕರ್ ಮೇಜು

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರಂಗಯ್ಯನ ಕುಷನ್ ಅಂಗಡಿಯಿತ್ತು. ಲಾರಿಯ ಸೀಟು, ಸ್ಕೂಟರಿನ ಸೀಟು, ಡಾಕ್ಟರು ರೋಗಿಯನ್ನು ಮಲಗಿಸುವ ಮಂಚ, ಟಾಕೀಸಿನ ಬಾಲ್ಕನಿ ಕುರ್ಚಿ, ಏನು ಹರಿದರೂ ಊರಿನವರು ಅವನ ಹತ್ತಿರ ಹೋಗುತ್ತಿದ್ದರು. ಬೇರೆಯವರು ರೆಕ್ಸಿನ್ ಎಳೆದು ಮೊಳೆ ಹೊಡೆದು ಕೊಟ್ಟುಬಿಡುತ್ತಿದ್ದರು. ಇವನು ಮೊದಲು ಹಳೆಯ ಸೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ದಿಟ್ಟಿಸುತ್ತಿದ್ದ. ಅದರ ಮೇಲೆ ಕೂರುವವನು ಎಡಕ್ಕೆ ವಾಲುತ್ತಾನೋ ಬಲಕ್ಕೋ, ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು ಕೂರುತ್ತಾನೋ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದ. ನಾನು ನಂಬದೆ ನಮ್ಮ ಕ್ಲಬ್ಬಿನ ನಾಲ್ಕು ಕುರ್ಚಿ ತೋರಿಸಿ ಪರೀಕ್ಷೆ ಮಾಡಿದೆ. ಒಂದೂ ತಪ್ಪಲಿಲ್ಲ.

ನಾನು ಆಗ ಊರಿನ ಕ್ಲಬ್ಬಿನಲ್ಲಿ ಗುಮಾಸ್ತ. ಇದು 1979ರ ಮಾತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೇನೆ. ರಂಗಯ್ಯನ ಬಗ್ಗೆ ಬರೆಯಲು ಹೊರಟರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದು ನನಗೆ ಬೇಕಿರಲಿಲ್ಲ, ಅಷ್ಟೆ.

ರಂಗಯ್ಯ ಕಂದಿಕೆರೆ ಕಡೆಯವನು. ಆರು ವರ್ಷ ಮೊದಲು ಹೆಂಡತಿ ಸಿದ್ದಕ್ಕನನ್ನೂ ಒಂದು ಹೊಲಿಗೆ ಮಿಷನ್ನನ್ನೂ ಕಟ್ಟಿಕೊಂಡು ತಿಪಟೂರಿಗೆ ಬಂದಿದ್ದ. ಮುಂದೆ ಅಂಗಡಿ, ಹಿಂದೆ ಮನೆ. ಎರಡೂ ಕೊಬ್ಬರಿ ಮಂಡಿಯ ಕರಿಬಸವಯ್ಯನವರದು. ಯಾವ ಜನ ಎಂದು ಅವರು ಕೇಳಿದ್ದಕ್ಕೆ ಇವನು ರಂಗನಾಥನ ಒಕ್ಕಲು ಎಂದಿದ್ದ. ನಮ್ಮ ಸೀಮೆಯಲ್ಲಿ ರಂಗನಾಥನ ಒಕ್ಕಲಲ್ಲದವರನ್ನು ಹುಡುಕುವುದೇ ಕಷ್ಟ, ಹಾಗಾಗಿ ಸಾವ್ಕಾರರು ಅದನ್ನು ಕೆದಕಲಿಲ್ಲ. ಆದರೆ ಒಂದು ಷರತ್ತು ಹಾಕಿದರು. ಹಿತ್ತಲಿನ ಬಾವಿ ಎರಡೂ ಮನೆಗೆ ಒಂದೇ, ಅದೇ ನೀರಿನಿಂದ ತಮ್ಮ ಮನೆಯಲ್ಲಿ ಶಿವಪೂಜೆ ನಡೆಯುತ್ತದೆ, ಆದ್ದರಿಂದ ಅಂಗಡಿಯೊಳಗೆ ತೊಗಲಿನ ಕೆಲಸ ಕೂಡದು ಎಂದರು. ತಾನು ತೊಗಲನ್ನು ಕಂಡವನೇ ಅಲ್ಲ, ತನ್ನದೇನಿದ್ದರೂ ರೆಕ್ಸಿನ್ನು ಎಂದು ರಂಗಯ್ಯ ಅವರ ಎದುರು ಕೈಮುಗಿದು ಹೇಳಿದ.

ಆ ಮಾತನ್ನು ಅವನು ಪಾಲಿಸಿದ್ದೂ ಹಾಗೆಯೇ. ಕಿತ್ತ ಚಪ್ಪಲಿ ತಂದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದ. ಸೊಂಟದ ಬೆಲ್ಟು ಮುಟ್ಟುತ್ತಿರಲಿಲ್ಲ. ಸ್ಕೂಲಿನ ಡ್ರಿಲ್ ಮೇಷ್ಟ್ರು ಫುಟ್‌ಬಾಲ್ ತಂದು ಎರಡು ಹೊಲಿಗೆ ಹಾಕಿಕೊಡು ಎಂದು ಅಂಗಲಾಚಿದರೂ ಆಗುವುದಿಲ್ಲ ಎಂದಿದ್ದ. ನಮ್ಮ ಮಠದ ಅಯ್ಯನವರಿಗಿಂತ ನಿನ್ನ ಮಡಿಯೇ ಜೋರು ಎಂದು ನಾನು ಎಷ್ಟು ಸಲ ರೇಗಿಸಿದ್ದೇನೋ. ಅವನು ನಕ್ಕು ಸುಮ್ಮನಾಗುತ್ತಿದ್ದ. ನನಗೆ ಬುದ್ಧಿಯಿದ್ದಿದ್ದರೆ ಆ ನಗು ನೋಡಿಯೇ ಬಾಯಿ ಮುಚ್ಚಿಕೊಳ್ಳಬೇಕಿತ್ತು.

ಇನ್ನು ಆ ಮೇಜಿನ ವಿಷಯ. ನಮ್ಮ ಕ್ಲಬ್ಬಿಗೆ ಕರಿಬಸವಯ್ಯನವರೇ ಅಧ್ಯಕ್ಷರು. ಜವಳಿ ಅಂಗಡಿಯ ಮರುಳಸಿದ್ದಯ್ಯ ಕಾರ್ಯದರ್ಶಿ. ಸದಸ್ಯರೆಲ್ಲ ಸಂಜೆಯಾದರೆ ರಮ್ಮಿ ಆಡುತ್ತ ಕೂರುವವರು. ಆ ವರ್ಷ ಬೊಂಬಾಯಿಯಿಂದ ವರ್ಗವಾಗಿ ಬಂದ ಒಬ್ಬ ಇಂಜಿನಿಯರು ಸದಸ್ಯನಾಗಿ ಸೇರಿ ಇವರಿಗೆ ಪೋಕರ್ ಕಲಿಸಿಬಿಟ್ಟ. ಕೈಯಲ್ಲಿ ಎಂಥ ಎಲೆ ಬಂದರೂ ಮುಖದಲ್ಲಿ ತೋರಿಸದೆ ಕೂರುವ ಆಟ ಅದು. ಕೊಬ್ಬರಿ ಮಂಡಿಯವರಿಗೆ ಅದನ್ನು ಯಾರಾದರೂ ಕಲಿಸಬೇಕೇ? ತಿಂಗಳೊಳಗೆ ಗುರುವನ್ನೇ ಸೋಲಿಸತೊಡಗಿದರು. ಆಮೇಲೆ ಪೋಕರಿಗೆ ಅದರದೇ ಮೇಜು ಬೇಕು ಎಂಬ ಹುಚ್ಚು ಹತ್ತಿತು. ಎಂಟು ಮೂಲೆಯ ಮೇಜು, ನಡುವೆ ಹಸಿರು ಬಟ್ಟೆ, ಸುತ್ತ ಗೇಣಗಲದ ಮೆತ್ತನೆಯ ಅಂಚು. ಮೊಳಕೈ ಊರಲು ಆ ಅಂಚು. ಬಡಗಿ ತೇಗದ ಮರದಲ್ಲಿ ಮೇಜು ಮಾಡಿಕೊಟ್ಟ. ಅಂಚಿನ ಕೆಲಸ ರಂಗಯ್ಯನ ಪಾಲಿಗೆ ಬಂತು.

ಅಂಚಿಗೆ ತೊಗಲು ಹಾಕಬೇಕೋ ರೆಕ್ಸಿನ್ ಹಾಕಬೇಕೋ ಎಂದು ಕಮಿಟಿ ಒಂದು ಇಡೀ ಸಂಜೆ ಕಚ್ಚಾಡಿತು. ಇಂಜಿನಿಯರು ತೊಗಲಿನ ಪರ. ತೊಗಲು ಬೇಸಿಗೆಯಲ್ಲಿ ಮೈಗೆ ಅಂಟುವುದಿಲ್ಲ, ಬೆವರು ಕುಡಿಯುತ್ತದೆ, ಹಳೆಯದಾದಷ್ಟೂ ಮೆತ್ತಗಾಗುತ್ತದೆ, ರೆಕ್ಸಿನ್ ಆದರೆ ನಾಲ್ಕು ವರ್ಷಕ್ಕೆ ಬಿರುಕು ಬಿಟ್ಟು ಸಿಪ್ಪೆ ಏಳುತ್ತದೆ ಎಂದ. ಮರುಳಸಿದ್ದಯ್ಯ ಎರಡೂ ಕಿವಿ ಮುಚ್ಚಿಕೊಂಡರು. ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗ ಇರುವವರು ಸತ್ತ ದನದ ಚರ್ಮದ ಮೇಲೆ ಕೈಯೂರಿ ಕಾಫಿ ಕುಡಿಯಬೇಕೇ ಎಂದು ಕೇಳಿದರು. ಕಾಲಿಗೆ ಮೆಟ್ಟಿಕೊಂಡಿರುವುದು ಏನು ಎಂದು ಇಂಜಿನಿಯರು ಕೇಳಿದ. ಅದು ಬಾಗಿಲ ಹೊರಗೆ ಇರುತ್ತದೆ ಎಂದು ಇವರು. ಕೊನೆಗೆ ರಂಗಯ್ಯನನ್ನು ಕರೆಸಿ ಕೇಳಿದರು. ತೊಗಲಿನ ಸಂಗತಿ ತನಗೆ ತಿಳಿಯದು, ಒಳ್ಳೆಯ ರೆಕ್ಸಿನ್ನು ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕೆಡದು ಎಂದು ಅವನು ಬಾಗಿಲ ಹತ್ತಿರ ನಿಂತೇ ಹೇಳಿದ. ರೆಕ್ಸಿನ್ನೇ ಎಂದು ತೀರ್ಮಾನವಾಯಿತು. ನಾನೇ ಬೆಂಗಳೂರಿಗೆ ಹೋಗಿ ತರುತ್ತೇನೆ ಎಂದು ಕರಿಬಸವಯ್ಯನವರು ಎದ್ದರು.

ಇಲ್ಲೇ ಎಡವಟ್ಟಾದದ್ದು. ಕರಿಬಸವಯ್ಯನವರ ಬೆರಳು ನಮ್ಮ ತಾಲ್ಲೂಕಿನಲ್ಲೆಲ್ಲ ಹೆಸರುವಾಸಿ. ಉಂಡೆ ಕೊಬ್ಬರಿಯನ್ನು ಕಣ್ಣು ಮುಚ್ಚಿ ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಒಳಗೆ ಬೂಷ್ಟು ಹಿಡಿದಿದೆಯೋ ಇಲ್ಲವೋ ಹೇಳುತ್ತಿದ್ದರು. ಅವರ ಮಂಡಿಯಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಟವಲಿನ ಕೆಳಗೆ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವಲು. ಬೆರಳು ಹಿಡಿದು ದರ ಹೇಳುವುದು, ಬೆರಳು ಮಡಿಸಿ ದರ ಇಳಿಸುವುದು. ಬಾಯಿ ಬಿಟ್ಟು ಇದು ಎಂಥ ಮಾಲು ಎಂದು ಕೇಳಿದವನು ಅಲ್ಲಿ ಹಸುಗೂಸು. ಮಾರುವವನು ಹೊಗಳಲು ಹೊರಟರೆ ಕೊಳ್ಳುವವನು ಕೈ ಎತ್ತಿ ತಡೆಯುತ್ತಿದ್ದ.

ಬೆಂಗಳೂರಿನ ಅಂಗಡಿಯಲ್ಲೂ ಅವರು ಹೀಗೆಯೇ ಮಾಡಿದರಂತೆ. ಮರಳಿ ಬಂದು ನಮಗೆಲ್ಲ ಅವರೇ ಹೆಮ್ಮೆಯಿಂದ ವರ್ಣಿಸಿದರು. ಹಲಗೆಯ ಮೇಲೆ ಹರಡಿದ್ದ ಇಪ್ಪತ್ತು ಮೂವತ್ತು ತುಂಡುಗಳ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದ್ದು, ಒಂದರ ಮೇಲೆ ಬೆರಳು ತಾನಾಗಿ ನಿಂತದ್ದು, ಅಂಗಡಿಯವನು ಏನೋ ಹೇಳಲು ಬಂದರೆ ಬಾಯಿ ಮುಚ್ಚಿಸಿದ್ದು. ಟವಲು ಹಾಕಿ ಅವನ ಕೈ ಹಿಡಿದರೆ ಅವನು ಗಾಬರಿಯಾಗಿ ಕೈ ಎಳೆದುಕೊಂಡನಂತೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಂದು ಬಣ್ಣದ, ಚೌಕವಾಗಿ ಕತ್ತರಿಸಿದ ಆ ತುಂಡುಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ರಂಗಯ್ಯನಿಗೆ ತಲುಪಿಸಲು ಹೇಳಿದರು.

ಎರಡು ದಿನ ಬಿಟ್ಟು ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಹೋದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ರಂಗಯ್ಯ ಕಾಗದದ ಸುರುಳಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಕತ್ತರಿಯನ್ನು ಮುಟ್ಟಿರಲಿಲ್ಲ. ನಾನು ಬೈಯಲು ಬಾಯಿ ತೆರೆದೆ. ಅವನು ಬಾಗಿಲು ಪೂರ್ತಿ ಎಳೆದು, ತುಂಡಿನ ಹಿಂಬದಿ ತಿರುಗಿಸಿ ತೋರಿಸಿದ. ರೆಕ್ಸಿನ್ನಿನ ಹಿಂದೆ ಬಟ್ಟೆಯ ನೇಯ್ಗೆ ಇರುತ್ತದೆ. ಇದರ ಹಿಂದೆ ನೇಯ್ಗೆಯಿರಲಿಲ್ಲ, ಬರೀ ಸಣ್ಣ ನಾರು. ಸಾವ್ಕಾರರು ಇದನ್ನು ಹೊಸ ನಮೂನೆಯ ರೆಕ್ಸಿನ್ನು ಎಂದುಕೊಂಡಿರಬೇಕು. ನಶ್ಯ ಏರಿಸಿ ಏರಿಸಿ ಅವರ ಮೂಗು ಎಂದೋ ಸತ್ತಿತ್ತು. ರಂಗಯ್ಯ ಅಂಚಿನಿಂದ ಕಡ್ಡಿಯಷ್ಟು ಕತ್ತರಿಸಿ ಬೆಂಕಿಕಡ್ಡಿ ಗೀರಿದ. ಕೂದಲು ಸುಟ್ಟ ವಾಸನೆ ಅಂಗಡಿಯನ್ನೆಲ್ಲ ತುಂಬಿತು.

"ತೊಗಲು ಕಣ್ರೀ ಗುಮಾಸ್ತರೇ. ಎಳೇ ದನದ್ದು. ಹದ ಚೆನ್ನಾಗೈತೆ" ಎಂದ.

ಎರಡು ದಿನದ ಹಿಂದೆ ನಾನೇ ಅದನ್ನು ಎದೆಗೆ ಅವಚಿಕೊಂಡು ತಂದಿದ್ದೆ. ನನಗರಿವಿಲ್ಲದೆಯೇ ಅಂಗೈಯನ್ನು ಪಂಚೆಗೆ ಒರೆಸಿಕೊಂಡೆ. ಆಮೇಲೆ ಆ ಕೊನೆಯ ಮಾತು ತಲೆಗೆ ಹೋಯಿತು. ತೊಗಲು ಕಂಡವನೇ ಅಲ್ಲ ಎನ್ನುವವನಿಗೆ ದನದ ವಯಸ್ಸು, ಹದ ಹೇಗೆ ಗೊತ್ತು ಎಂದು ಕೇಳಿದೆ.

ರಂಗಯ್ಯ ಕತ್ತರಿಯನ್ನು ಪಕ್ಕಕ್ಕಿಟ್ಟ. ಆಮೇಲೆ ತನ್ನ ತಂದೆ, ತಾತ ಎಲ್ಲರೂ ತೊಗಲು ಹದ ಮಾಡುತ್ತಿದ್ದವರೇ ಎಂದ. ತೊಗಲು ನೆನೆಹಾಕುವ ಸುಣ್ಣದ ತೊಟ್ಟಿ, ತಂಗಡಿ ಚಕ್ಕೆಯ ನೀರು, ಅದರಲ್ಲೇ ತಾನು ಹುಟ್ಟಿ ಬೆಳೆದದ್ದು ಎಂದ. ಇದನ್ನೆಲ್ಲ ಅವನು ಗುಟ್ಟು ಹೇಳುವವನಂತೆ ಹೇಳಲಿಲ್ಲ. ಹಳೆಯ ಕಾಯಿಲೆಯೊಂದರ ಬಗ್ಗೆ ಡಾಕ್ಟರಿಗೆ ಹೇಳುವಂತೆ ಹೇಳಿದ.

ಈಗ ಸುಳ್ಳು ಬರೆಯುವುದಿಲ್ಲ. ತೊಗಲು ಎಂದಾಗ ಆದದ್ದಕ್ಕಿಂತ ದೊಡ್ಡ ದಿಗಿಲು ಇದನ್ನು ಕೇಳಿದಾಗ ಆಯಿತು. ಸಿದ್ದಕ್ಕ ಹಿತ್ತಲಿನಲ್ಲಿ ಬಾವಿಗೆ ಕೊಡ ಇಳಿಬಿಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ರಂಗಯ್ಯ ಆ ಸದ್ದಿನ ಕಡೆಗೇ ಕಿವಿಯಿಟ್ಟುಕೊಂಡು ತನ್ನ ಇಕ್ಕಟ್ಟನ್ನು ಬಿಡಿಸಿ ಹೇಳಿದ. ಇದು ತೊಗಲು ಎಂದು ಸಾವ್ಕಾರರಿಗೆ ಹೇಳಿದರೆ ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಹೇಳದೆ ಮೇಜಿಗೆ ಹೊಲಿದರೆ ಇಂದಲ್ಲ ನಾಳೆ ಆ ಇಂಜಿನಿಯರು ಮುಟ್ಟಿ ನೋಡಿ ಇದು ತೊಗಲು ಎನ್ನುತ್ತಾನೆ. ಆಗ ಬೇಕೆಂತಲೇ ಜಾತಿ ಕೆಡಿಸಲು ಹಾಕಿದ ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ಈ ಅಂಗಡಿ, ಈ ಮನೆ, ಈ ಊರು ಮೂರೂ ಹೋಗುತ್ತವೆ.

ಉಪಾಯ ಹೇಳಿದವನು ನಾನು. ಅದೇ ಬಣ್ಣದ ಒಳ್ಳೆಯ ರೆಕ್ಸಿನ್ ತಂದು ಹೊಲಿದುಬಿಡು, ಈ ತೊಗಲನ್ನು ಬಚ್ಚಿಡು, ಯಾರ ತಲೆಗೂ ಹೊಳೆಯುವುದಿಲ್ಲ ಎಂದೆ. ಸಾವ್ಕಾರರ ಬೆರಳಿಗೆ ತಿಳಿಯುತ್ತದೆ ಎಂದು ಅವನು ಅಂಜಿದ. ನಾನು ನಕ್ಕುಬಿಟ್ಟೆ. ದನದ ಚರ್ಮವನ್ನೇ ಗುರುತು ಹಿಡಿಯದ ಬೆರಳಿಗೆ ಇನ್ನೇನು ತಿಳಿಯುತ್ತದೆ ಎಂದೆ. ಅಕಸ್ಮಾತ್ ಮಾತು ಬಂದರೆ ನಾನಿದ್ದೇನೆ, ಬೆಂಗಳೂರಿನ ಅಂಗಡಿಯವನೇ ನನಗೆ ತಿಳಿಸಿದ ಎಂದು ಹೇಳುತ್ತೇನೆ ಎಂದೂ ಸೇರಿಸಿದೆ. ಅವನು ನನ್ನ ಮುಖವನ್ನೇ ನೋಡಿದ. ಆ ಮಾತನ್ನು ಅವನು ನಂಬಿದ. ಮಾರನೆಯ ದಿನವೇ ಬೆಂಗಳೂರಿಗೆ ಹೋಗಿ ರೆಕ್ಸಿನ್ ತಂದ.

ಮೇಜನ್ನು ಅವನು ಹೊಲಿದದ್ದನ್ನು ನೀವು ನೋಡಬೇಕಿತ್ತು. ಎಂಟು ಮೂಲೆಯಲ್ಲೂ ಒಂದು ಸುಕ್ಕಿರಲಿಲ್ಲ. ಹೊಲಿಗೆ ಅಕ್ಕಿ ಜೋಡಿಸಿಟ್ಟಂತಿತ್ತು. ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ನಾನು ಸುತ್ತಿ ಸುತ್ತಿ ಹುಡುಕಿದರೂ ಸಿಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಜಿನ ಪ್ರಾರಂಭ. ತೆಂಗಿನಕಾಯಿ ಒಡೆದರು. ಸದಸ್ಯರು ಇಪ್ಪತ್ತೈದು ಜನರಾದರೂ ಬಂದಿದ್ದರು. ಎಲ್ಲರೂ ಅಂಚನ್ನು ಸವರಿ ನೋಡಿ ಭೇಷ್ ಭೇಷ್ ಎಂದರು. ಇಂಜಿನಿಯರು ಕೂಡ ಇಂಥ ಕೆಲಸವನ್ನು ಬೊಂಬಾಯಿಯಲ್ಲೂ ಕಂಡಿಲ್ಲ ಎಂದ. ರಂಗಯ್ಯನಿಗೆ ಹೊದಿಸಲು ಶಾಲು ತರಿಸಿದ್ದರು. ಅವನು ಒಗೆದ ಷರಟು ತೊಟ್ಟು ಗೋಡೆಗೆ ಒತ್ತಿ ನಿಂತಿದ್ದ. ಕರಿಬಸವಯ್ಯನವರು ಮೊದಲ ಕುರ್ಚಿಯಲ್ಲಿ ಕೂತು, ಎಲೆ ಕೈಗೆತ್ತಿಕೊಳ್ಳುವ ಮೊದಲು ಅಂಗೈಯನ್ನು ಅಂಚಿನ ಮೇಲಿಟ್ಟರು. ಕಣ್ಣು ಮುಚ್ಚಿದರು. ಬೆರಳು ಒಂದು ಸಲ ಮುಂದೆ ಹೋಯಿತು, ಒಂದು ಸಲ ಹಿಂದೆ ಬಂತು. ಕಣ್ಣು ಬಿಟ್ಟಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಇದು ನಾನು ತಂದ ಮಾಲಲ್ಲ."

ಬೆರಳಿಗೆ ಮಾಲಿನ ಹೆಸರು ಗೊತ್ತಿಲ್ಲದಿರಬಹುದು, ಗುಣ ಚೆನ್ನಾಗಿ ಗೊತ್ತಿತ್ತು. ಇದನ್ನು ನಾನು ಯೋಚಿಸಿರಲಿಲ್ಲ, ರಂಗಯ್ಯ ಯೋಚಿಸಿದ್ದ. ಮರುಳಸಿದ್ದಯ್ಯ ತಕ್ಷಣ ಸಿಡಿದೆದ್ದರು. ಸಾವ್ಕಾರರು ಆರಿಸಿ ತಂದ ಒಳ್ಳೆಯ ಮಾಲನ್ನು ಮಾರಿಕೊಂಡು ಕಳಪೆ ರೆಕ್ಸಿನ್ ಹೊಲಿದಿದ್ದಾನೆ, ಇಂಥ ಕಳ್ಳನಿಗೆ ಶಾಲು ಬೇರೆ ಎಂದು ಕೂಗಾಡಿದರು. ಪೊಲೀಸರಿಗೆ ಹೇಳಿಕಳಿಸಿ ಎಂದು ಯಾರೋ ಅಂದರು.

ರಂಗಯ್ಯ ಹೊರಗೆ ಹೋದ. ಓಡಿಹೋದ ಎಂದೇ ಎಲ್ಲರೂ ಅಂದುಕೊಂಡರು. ಹತ್ತು ನಿಮಿಷದಲ್ಲಿ ಅದೇ ಕಾಗದದ ಸುರುಳಿ ಹಿಡಿದು ಬಂದ. ಕಡ್ಡಿಯಷ್ಟು ಸುಟ್ಟದ್ದು ಬಿಟ್ಟರೆ ಎಲ್ಲ ಹಾಗೇ ಇತ್ತು. ಅದನ್ನು ಮೇಜಿನ ಮೇಲಿಡದೆ, ನೆಲದ ಮೇಲೆ ಬಿಡಿಸಿಟ್ಟು, ಇದು ತೊಗಲು, ಅದಕ್ಕೇ ಹಾಕಲಿಲ್ಲ ಎಂದ. ಇಂಜಿನಿಯರು ಬಗ್ಗಿ ಮುಟ್ಟಿ ನೋಡಿ ಹೌದು, ಅಸಲಿ ತೊಗಲು ಎಂದ. ಇವನೇ ಎಲ್ಲಿಂದಲೋ ತಂದು ಸಾವ್ಕಾರರ ತಲೆಗೆ ಕಟ್ಟುತ್ತಿದ್ದಾನೆ ಎಂದು ಮರುಳಸಿದ್ದಯ್ಯ ಅರಚಿದರು. ಕರಿಬಸವಯ್ಯನವರು ಕುರ್ಚಿಯಿಂದಿಳಿದು ನೆಲದ ಮೇಲೆ ಕೂತು ಒಂದೇ ಒಂದು ಬೆರಳನ್ನು ಅದರ ಮೇಲಿಟ್ಟರು. ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟನ್ನು ನಾನು ಒಪ್ಪಲೇಬೇಕು. ತಾವು ತಂದದ್ದು ಇದೇ ಎಂದರು. ಆ ಬೆರಳನ್ನು ಉಳಿದ ಕೈಯಿಂದ ದೂರ ಹಿಡಿದುಕೊಂಡೇ ಎದ್ದು ನಿಂತರು.

"ತೊಗಲು ಕಂಡೋನೇ ಅಲ್ಲ ಅಂದಿದ್ದೆಯಲ್ಲಾ ರಂಗಯ್ಯ. ಇದು ತೊಗಲು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

ರಂಗಯ್ಯ ನನ್ನ ಕಡೆ ನೋಡಿದ. ಕಣ್ಣಲ್ಲಿ ಬೇಡಿಕೆಯೇನೂ ಇರಲಿಲ್ಲ. ಸುಮ್ಮನೆ ಕಾದ. ಅಂಗಡಿಯವನೇ ಹೇಳಿದ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಎರಡು ಪದ, ಅಷ್ಟೇ ಸಾಕಿತ್ತು. ಕರಿಬಸವಯ್ಯನವರು ನಮ್ಮ ತಾಯಿಯ ಕಡೆಯ ನಂಟರು, ನನಗೆ ಗುಮಾಸ್ತಿಕೆ ಕೊಡಿಸಿದವರು. ಇಪ್ಪತ್ತೈದು ಜನ ನಿಂತಿದ್ದರು. ನಾನು ತಲೆ ತಗ್ಗಿಸಿ ಪ್ರಸಾದದ ತಟ್ಟೆಯಲ್ಲಿದ್ದ ಕಾಯಿಚೂರುಗಳನ್ನು ಸರಿಮಾಡತೊಡಗಿದೆ.

"ನಮ್ಮಪ್ಪ ಹದ ಮಾಡ್ತಿದ್ದ ಸಾವ್ಕಾರ್ರೇ" ಎಂದ ರಂಗಯ್ಯ. ದನಿ ನಡುಗಲಿಲ್ಲ. "ಕಂದಿಕೆರೆ ತಾವ ನಿಮ್ಮ ತೋಟ ಐತಲ್ಲ, ಪಂಪ್‌ಸೆಟ್ ಬರೋಕೆ ಮುಂಚೆ ಅಲ್ಲಿ ಕಪಿಲೆ ಹೊಡೀತಿದ್ರು. ನೀರೆತ್ತೋ ತೊಗಲಿನ ಚೀಲ ವರ್ಷಾ ವರ್ಷಾ ಹೊಲ್ಕೊಡ್ತಿದ್ದೋರು ನಾವೇಯ. ಆ ನೀರು ಕುಡಿದೇ ನಿಮ್ಮ ಮರ ಕಾಯಿ ಬಿಟ್ಟಿದ್ದು."

ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬಂದಿದ್ದರೆ ವಾಸಿಯಿತ್ತು. ಮೊದಲು ಒಬ್ಬರು ಎದ್ದು ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದರು. ಆಮೇಲೆ ಇನ್ನೊಬ್ಬರು. ಸಾಲು ನಿಂತಿತು. ನೆಲದ ಮೇಲಿನ ತೊಗಲನ್ನು ಅವರಲ್ಲಿ ಯಾರೂ ಮುಟ್ಟಿರಲಿಲ್ಲ. ಅವರು ಮುಟ್ಟಿದ್ದು ಮೇಜನ್ನು, ಅದರಲ್ಲಿ ತೊಗಲಿನ ಒಂದು ಎಳೆಯೂ ಇರಲಿಲ್ಲ. ಅವರು ತೊಳೆದುಕೊಳ್ಳುತ್ತಿದ್ದದ್ದು ರಂಗಯ್ಯನ ಕೈಯನ್ನು. ಇದು ನನಗೆ ಆಗ ಹೊಳೆಯಿತು. ರಂಗಯ್ಯನಿಗೂ ಹೊಳೆದಿರಬೇಕು. ಸಾಲನ್ನು ಸ್ವಲ್ಪ ಹೊತ್ತು ನೋಡಿ, ತೊಗಲನ್ನು ಮಡಿಸಿಕೊಂಡು ಹೊರಟುಹೋದ.

ಸತ್ತ ದನದ ಚರ್ಮವನ್ನು ಸ್ವಂತ ಕೈಯಿಂದ ಆರಿಸಿ ತಂದವರಿಗೆ ಮಠದಿಂದ ತೀರ್ಥ ಬಂತು, ಅವರು ಶುದ್ಧರಾದರು. ಮೇಜಿಗೆ ಯಾವ ತೀರ್ಥವೂ ನಾಟಲಿಲ್ಲ. ಅಂದೇ ಮಧ್ಯಾಹ್ನ ಅದನ್ನು ಹಿತ್ತಲಿನ ಷೆಡ್ಡಿಗೆ ಎಳೆಸಿದರು. ಈಗ ಕಾನೂನು ಬಿಗಿಯಾಗಿದೆ, ಕಾರಣವನ್ನು ಬಾಯಲ್ಲೂ ಆಡಬೇಡ, ಬರೆಯಲೂ ಬೇಡ ಎಂದು ಮರುಳಸಿದ್ದಯ್ಯ ನನ್ನ ಪಕ್ಕದಲ್ಲಿ ಕೂತು ಹೇಳಿದರು. ಮೇಜಿನ ಅಳತೆ ಕೋಣೆಗೆ ಹೊಂದದ ಕಾರಣ ಬಳಕೆಯಿಂದ ತೆಗೆಯಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ನನ್ನ ಕೈಯಾರೆ ದುಂಡಗೆ ಬರೆದೆ.

ಮರುದಿನ ಬೆಳಿಗ್ಗೆ ಕರಿಬಸವಯ್ಯನವರು ನನ್ನನ್ನು ಕರೆಸಿದರು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಮಂಡಿಯಲ್ಲಿ ರೈತರು ಕಾಯುತ್ತಿದ್ದರೂ ಟವಲು ಹಾಕಲು ಕೂತಿರಲಿಲ್ಲ. ರಂಗಯ್ಯ ಒಳ್ಳೆಯ ಕೆಲಸಗಾರ, ಅಂಗಡಿ ಮನೆ ಬಿಡು ಎಂದು ತಾವು ಹೇಳುವುದಿಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಗೋಡೆಯ ಕಡೆ ತಿರುಗಿ ಉಳಿದದ್ದನ್ನು ಹೇಳಿದರು. ಬಾವಿಯನ್ನು ಮಾತ್ರ ಆ ಗಂಡ ಹೆಂಡತಿ ಮುಟ್ಟುವುದು ಬೇಡ, ಬೀದಿಯ ನಲ್ಲಿಯಿದೆ, ಇದನ್ನು ಮೆತ್ತಗೆ ಹೇಳಿ ಬಾ ಎಂದರು. ಅವರು ಅದನ್ನು ಉಪಕಾರ ಎಂದೇ ತಿಳಿದಿದ್ದರು. ಅದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಆ ಮನೆಯ ತನಕ ನಾನು ಕುದಿಯುತ್ತಲೇ ನಡೆದೆ. ಸಾವ್ಕಾರರನ್ನು ಬೈದೆ, ಮರುಳಸಿದ್ದಯ್ಯನನ್ನು ಬೈದೆ, ಕೈ ತೊಳೆದವರನ್ನೆಲ್ಲ ಹೆಸರು ಹಿಡಿದು ಬೈದೆ. ನಾನು ಅವರಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಹೋದರೆ ರಂಗಯ್ಯ ಹೊಲಿಗೆ ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಪಾತ್ರೆಗಳು ಚೀಲ ಸೇರಿದ್ದವು. ಒಲೆ, ಎರಡು ಲೋಟ ಮಾತ್ರ ಹೊರಗಿದ್ದವು. ಸಾವ್ಕಾರರು ಮನೆ ಬಿಡು ಎನ್ನುತ್ತಿಲ್ಲ ಎಂದೆ. ಬಾವಿಯ ಮಾತನ್ನು ಹೇಗೆ ಶುರುಮಾಡುವುದೋ ತಿಳಿಯದೆ ತಡವರಿಸಿದೆ. ರಂಗಯ್ಯ ತಲೆಯೆತ್ತದೆ, ಬೆಳಿಗ್ಗೆ ಆರಕ್ಕೇ ಸಾವ್ಕಾರರ ಮನೆಯವರು ಬಾವಿಯ ಹಗ್ಗ ಬಿಚ್ಚಿ ಒಳಗೆ ತಗೊಂಡು ಹೋದರು, ನೀವು ಹೇಳುವ ಕಷ್ಟ ತಗೊಳ್ಳಬೇಡಿ ಎಂದ. ನಿನ್ನೆಯ ನನ್ನ ಮೌನದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಕ್ಷಮಿಸು ಎನ್ನಲು ಹೊರಟೆ. ಗೋಣಿಯ ತುದಿ ಹಿಡಿದುಕೊಟ್ಟೆ, ಅಷ್ಟೆ.

ಸಿದ್ದಕ್ಕ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಆರು ವರ್ಷ ಈ ಮನೆಯಲ್ಲಿ ನಾನು ಕಾಫಿ ಕುಡಿದಿದ್ದೇನೆ. ಅವಳು ಯಾವತ್ತೂ ಕೇಳಿದವಳಲ್ಲ, ನನ್ನ ಚಪ್ಪಲಿ ಸದ್ದು ಕೇಳಿದರೆ ಲೋಟ ತುಂಬಿಸಿ ತಂದಿಡುತ್ತಿದ್ದಳು. ಅಂದು ಕೇಳಿದಳು.

"ಕಾಪಿ ಕುಡೀತೀರೇನಣ್ಣಾ?"

ಕುಡೀತೀನಿ ಎಂದೆ. ದೇವರಾಣೆಗೂ ಅಂದೆ. ಆದರೆ ಅವಳ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ನಾನು ಆ ಎರಡು ಲೋಟಗಳನ್ನು ನೋಡಿದೆ. ಒಂದು ಉಸಿರಿನಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ.

ಅವಳು ಅದನ್ನು ಕಂಡಳು. ಕೋಪ ಮಾಡಿಕೊಳ್ಳಲಿಲ್ಲ. ಬುಡಿ ಅಣ್ಣಾ, ಹಾಲಿಲ್ಲ ಎಂದು ಹೇಳಿ ಲೋಟಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಒಲೆಯ ಪಕ್ಕದಲ್ಲಿ ತಂಬಿಗೆಯ ತುಂಬ ಹಾಲಿತ್ತು. ಇಬ್ಬರೂ ಹತ್ತು ಗಂಟೆಯ ತುರುವೇಕೆರೆ ಬಸ್ಸಿಗೆ ಹೊರಟರು.